ವೇಷ ತೊಟ್ಟ ಅಕ್ಷರಗಳು

ದಮಯಂತಿಯ ಸ್ವಯಂವರದ ಕಥೆ ನಮ್ಮ ವಾಚಕರಿಗೆಲ್ಲ ತಿಳಿದದ್ದೇ. ಮಾಲೆ ಹಿಡಿದು ಬಂದ ಆಕೆಯ ಎದುರಿಗೆ ಒಬ್ಬ ನಳನಲ್ಲ, ಐವರು ನಳರು ಕುಳಿತಿದ್ದರು. ಇಂದ್ರ, ಅಗ್ನಿ, ವರುಣ, ಯಮ ಈ ನಾಲ್ವರೂ ನಳನ ರೂಪವನ್ನೇ ತಾಳಿ ಬಂದಿದ್ದರು. ಕಣ್ಣು, ಮೂಗು, ನಿಲುವು ಎಲ್ಲ ಒಂದೇ. ಪಾಪ, ಆಕೆ ದೇವತೆಗಳಿಗೇ ಮೊರೆಯಿಟ್ಟಳು. ಅವರು ಮನಸ್ಸು ಕರಗಿ ತಮ್ಮ ಗುರುತು ತೋರಿಸಿದರು. ನಾಲ್ವರ ಮೈ ಬೆವರಿರಲಿಲ್ಲ, ರೆಪ್ಪೆ ಮಿಟುಕುತ್ತಿರಲಿಲ್ಲ, ಕೊರಳ ಹಾರ ಬಾಡಿರಲಿಲ್ಲ, ಪಾದ ನೆಲಕ್ಕೆ ತಾಗಿರಲಿಲ್ಲ, ನೆರಳು ಬಿದ್ದಿರಲಿಲ್ಲ. ಬೆವೆತು, ಬಾಡಿ, ನೆಲದ ಮೇಲೆ ನೆರಳು ಚೆಲ್ಲಿ ನಿಂತಿದ್ದವನ ಕೊರಳಿಗೆ ಆಕೆ ಮಾಲೆ ಹಾಕಿದಳು. ಅವರು ದೇವತೆಗಳಾದ್ದರಿಂದ ಗುರುತು ತೋರಿಸಿದರು. ಈ ಕಾಲದ ವೇಷಧಾರಿಗಳು ಮೊರೆಯಿಟ್ಟರೆ ಗುರುತು ತೋರಿಸುವ ಪೈಕಿಯಲ್ಲ.

ನಾನು ಹೇಳಹೊರಟಿರುವುದು ಮನುಷ್ಯರ ವೇಷದ ಮಾತಲ್ಲ, ಅಕ್ಷರಗಳ ವೇಷದ ಮಾತು. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ವೇಷವಿಲ್ಲದ್ದು ಎಂದು ಅವರೂ ಹೇಳಿರಲಿಲ್ಲ. ಹೇಳುವಂತೆಯೂ ಇರಲಿಲ್ಲ. ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿಯೇ ಬರೆಹವನ್ನು ಮರೆಸುವ ಮ್ಲೇಚ್ಛಿತ ವಿಕಲ್ಪವೆಂಬ ಕಲೆಯೊಂದುಂಟು. ಸಂಗೀತ ಬಲ್ಲವರಿಗೆ ಕಟಪಯಾದಿಯ ಪರಿಚಯವಿದೆ: ‘ಮಾಯಾಮಾಳವಗೌಳ’ದ ಮಾ ಎಂದರೆ ಐದು, ಯಾ ಎಂದರೆ ಒಂದು, ತಿರುವಿ ಓದಿದರೆ ಹದಿನೈದು. ಅದು ಹದಿನೈದನೆಯ ಮೇಳ. ಇಲ್ಲಿ ಅಕ್ಷರವು ಅಂಕಿಯ ವೇಷ ಹಾಕಿತು. ಯಾರಿಗೂ ನಷ್ಟವಾಗಲಿಲ್ಲ, ನೆನಪಿಗೆ ಅನುಕೂಲವೇ ಆಯಿತು. ವೇಷ ಯಾವ ಕೆಲಸಕ್ಕೆಂಬುದು ಮುಖ್ಯ.

ನನಗೆ ಈ ವಿಷಯದಲ್ಲಿ ಮೊದಲಿನಿಂದಲೂ ಸ್ವಲ್ಪ ಸಂಬಂಧವಿದೆ. ಶಿವಮೊಗ್ಗದ ಕಡೆಯವನಾದ ನಾನು ೧೯೮೧ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಹೈದರಾಬಾದಿಗೆ ಬಂದೆ. ಆಗ ನನ್ನ ಪಾಲಿನ ಕೆಲಸಗಳಲ್ಲಿ ಮುಖ್ಯವಾದದ್ದು ಸಹಿ ತಾಳೆ ನೋಡುವುದು. ಚೆಕ್ಕು ಬಂದರೆ ಗಿರಾಕಿಯ ಮಾದರಿ ಸಹಿಯ ಕಾರ್ಡು ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಹೊಸಬರು ಅಕ್ಷರ ಅಕ್ಷರವನ್ನೂ ಹೋಲಿಸುತ್ತ ಕೂರುತ್ತಾರೆ. ಪಳಗಿದವರು ಹಾಗೆ ಮಾಡುವುದಿಲ್ಲ. ಸಹಿಯ ಓಟ, ಒತ್ತು, ಎಲ್ಲಿ ಲೇಖನಿ ಎತ್ತಿದ್ದಾರೆ, ಎಲ್ಲಿ ತಡವರಿಸಿದ್ದಾರೆ ಎಂಬುದು ಅವರ ಕಣ್ಣಿಗೆ ಒಟ್ಟಿಗೆ ಬೀಳುತ್ತದೆ. ಕಳ್ಳಸಹಿ ಹಲವು ವೇಳೆ ನಿಜವಾದ ಸಹಿಗಿಂತ ಚೆನ್ನಾಗಿರುತ್ತದೆ. ಅದೇ ಅದರ ದೋಷ.

ಇನ್ನೊಂದು ಸಂಬಂಧ ಊರಿನದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ತೆಲುಗು ಬಾರದು. ಆದರೆ ಬಸ್ಸಿನ ಹಣೆಯ ಮೇಲೆ ‘ಕೋಠಿ’ ಎಂದು ತೆಲುಗಿನಲ್ಲಿ ಬರೆದದ್ದನ್ನು ಯಾರ ಸಹಾಯವೂ ಇಲ್ಲದೆ ಓದಿಬಿಟ್ಟೆ. ನಮ್ಮ ತಲೆಕಟ್ಟನ್ನು ಸ್ವಲ್ಪ ಬದಲಾಯಿಸಿದರೆ ಅವರ ತಲೆಕಟ್ಟು. ಕೆಳಗಿನ ಮೈಯೆಲ್ಲ ಒಂದೇ. ‘ಈ’ಕಾರದಂಥ ನಾಲ್ಕಾರು ಅಕ್ಷರಗಳು ಮಾತ್ರ ತಬ್ಬಿಬ್ಬು ಮಾಡಿದವು. ಎರಡೂ ಒಂದೇ ಹಳೆಯ ಲಿಪಿಯ ಮಕ್ಕಳು. ಶತಮಾನಗಳ ಕಾಲ ಜೊತೆಯಲ್ಲಿ ಬೆಳೆದು, ನಿಧಾನವಾಗಿ ಬೇರೆಯಾಗಿ, ಅಚ್ಚಿನ ಮೊಳೆಗಳು ಬಂದ ಮೇಲೆ ಬೇರೆ ಸಂಸಾರ ಹೂಡಿದವು. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ೧೯೫೬ರವರೆಗೆ ಹೈದರಾಬಾದ್ ಸಂಸ್ಥಾನ, ರಾಜ್ಯಗಳಿಗೇ ಸೇರಿದ್ದವಾದ್ದರಿಂದ ಈ ಊರಿಗೆ ಕನ್ನಡದ ಕಣ್ಣು ಹೊಸದಲ್ಲ.

ಈಗ ನನ್ನ ಮೊಮ್ಮಗನ ಸರದಿ. ತೆಲಂಗಾಣದಲ್ಲಿ ೨೦೧೮ರ ಕಾಯಿದೆಯ ಪ್ರಕಾರ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಹುಡುಗ ತೆಲುಗು ಕಲಿತ. ಒಂದು ದಿನ ನಮ್ಮ ಸಂಘದ ಈ ಪತ್ರಿಕೆಯನ್ನೇ ಕೈಗೆತ್ತಿಕೊಂಡು, “ತಾತ, ಇದು ನನಗೆ ಓದಲಿಕ್ಕೆ ಬರುತ್ತೆ!” ಎಂದ. ನಾನು ಬಂದ ದಾರಿಯಲ್ಲೇ ಅವನು ತಿರುಗಿ ನಡೆದಿದ್ದ. ಆ ಹೋಲಿಕೆ ನಮ್ಮ ಮನೆಗೆ ಮಾಡಿದ ಉಪಕಾರ ದೊಡ್ಡದು. ಅದೇ ಹೋಲಿಕೆಯಿಂದ ಕಳ್ಳನೂ ಒಳಗೆ ಬರಬಲ್ಲನೆಂಬುದು ನನಗೆ ತಿಳಿದದ್ದು ಆಮೇಲೆ.

ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ‘ಟೀಚರಮ್ಮ’ ಎಂದೇ ಕರೆಯುವ ಹಿರಿಯರೊಬ್ಬರಿದ್ದಾರೆ. ಎಪ್ಪತ್ತೆಂಟು ವರ್ಷ, ಒಂಟಿ ಜೀವ. ನವೆಂಬರಿನಲ್ಲಿ, ಪಿಂಚಣಿದಾರರೆಲ್ಲ ಜೀವನ ಪ್ರಮಾಣಪತ್ರ ಕೊಡುವ ಕಾಲದಲ್ಲಿ, ಅವರ ಮೊಬೈಲಿಗೆ ಒಂದು ಸಂದೇಶ ಬಂತು. ಪ್ರಮಾಣಪತ್ರ ಬಂದಿಲ್ಲ, ಇವತ್ತೇ ಈ ವಿಳಾಸಕ್ಕೆ ಹೋಗಿ ಭರ್ತಿ ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ ಎಂದು. ಕೆಳಗೆ ಅವರ ಬ್ಯಾಂಕಿನ ಜಾಲವಿಳಾಸ. ಟೀಚರಮ್ಮ ಗಾಬರಿಗೆ ಬೀಳುವವರಲ್ಲ. ಪಾಸ್‌ಬುಕ್ಕು ತೆಗೆದು, ಭೂತಗನ್ನಡಿ ಹಿಡಿದು, ವಿಳಾಸದ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ತಾಳೆ ನೋಡಿದರು. ಸರಿಯಾಗಿತ್ತು. ಆದರೂ ನಮ್ಮ ಮನೆಗೆ ಬಂದು, “ಅಕ್ಷರವೆಲ್ಲ ಸರಿಯಾಗಿದೆ ರಾಯರೆ, ವಾಕ್ಯ ಮಾತ್ರ ಸರಿಯಿಲ್ಲ. ಕರ್ತೃ ಒಂದು ಕಡೆ, ಕ್ರಿಯಾಪದ ಒಂದು ಕಡೆ. ಬ್ಯಾಂಕಿನವರು ಇಷ್ಟು ಕೆಟ್ಟದಾಗಿ ಬರೀತಾರ್ಯೆ?” ಎಂದರು. ಆ ಖಾತೆಯಲ್ಲಿ ಅವರ ಯಜಮಾನರು ಬಿಟ್ಟುಹೋದ ಹನ್ನೊಂದು ಲಕ್ಷವಿತ್ತು. ಅವರ ಮುಪ್ಪಿಗೆ ಇರುವುದು ಅಷ್ಟೇ.

ನನ್ನ ಮಗಳು ಅವತ್ತು ಮನೆಯಲ್ಲಿದ್ದಳು. ಅವಳ ಉದ್ಯೋಗವೇ ಇದು: ವೇಷ ತೊಟ್ಟ ಬರೆಹವನ್ನು ಗುರುತಿಸುವಂತೆ ಕಂಪ್ಯೂಟರಿಗೆ ಪಾಠ ಹೇಳುವುದು. ವಿಳಾಸವನ್ನು ತನ್ನ ಯಂತ್ರಕ್ಕೆ ಕೊಟ್ಟು ನೋಡಿ, “ಟೀಚರಮ್ಮ, ಇದರಲ್ಲಿರೋ ಒಂದು ‘ಎ’ ಇಂಗ್ಲಿಷಿನದಲ್ಲ, ರಷ್ಯನ್ನಿನದು” ಎಂದಳು. ಟೀಚರಮ್ಮ ಮತ್ತೆ ಭೂತಗನ್ನಡಿ ಹಿಡಿದರು. ನಾನೂ ಹಿಡಿದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸಹಿ ನೋಡಿದ ಕಣ್ಣಿಗೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣಲಿಲ್ಲ. ಕಾಣುವಂತೆಯೂ ಇಲ್ಲ, ಎರಡರ ಆಕಾರವೂ ಒಂದೇ.

ಇದರ ಒಳಗುಟ್ಟು ಹೀಗಿದೆ. ಕಂಪ್ಯೂಟರಿಗೆ ಅಕ್ಷರ ಕಾಣುವುದಿಲ್ಲ; ಅದಕ್ಕೆ ಗೊತ್ತಿರುವುದು ಸಂಖ್ಯೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಇಂಗ್ಲಿಷಿನ ಚಿಕ್ಕ ‘ಎ’ಗೆ ೯೭, ಅದರಂತೆಯೇ ಕಾಣುವ ರಷ್ಯನ್ ಅಕ್ಷರಕ್ಕೆ ೧೦೭೨. ಕನ್ನಡದ ‘ಅ’ಕಾರಕ್ಕೆ ೩೨೦೫, ತೆಲುಗಿನ ‘ಅ’ಕಾರಕ್ಕೆ ೩೦೭೭. ನಮ್ಮ ಕಣ್ಣು ಆಕಾರವನ್ನು ನೋಡಿ ಒಂದೇ ಎನ್ನುತ್ತದೆ. ಯಂತ್ರ ಸಂಖ್ಯೆಯನ್ನು ನೋಡಿ ಬೇರೆ ಎನ್ನುತ್ತದೆ. ಇಬ್ಬರ ಮಧ್ಯದ ಈ ಬಿರುಕಿನಲ್ಲೇ ವಂಚಕ ಮನೆ ಕಟ್ಟುತ್ತಾನೆ. ಆ ರಷ್ಯನ್ ಅಕ್ಷರವಿರುವ ವಿಳಾಸ ಒಯ್ಯುವುದು ಬ್ಯಾಂಕಿಗಲ್ಲ, ಬ್ಯಾಂಕಿನಂತೆ ಬಣ್ಣ ಬಳಿದ ಇನ್ನೊಂದು ಅಂಗಡಿಗೆ. ಅಲ್ಲಿ ಗುಪ್ತಸಂಖ್ಯೆ ಕೊಟ್ಟರೆ ಮುಗಿಯಿತು.

ಇದು ನಿನ್ನೆ ಮೊನ್ನೆಯ ಯುಕ್ತಿಯೂ ಅಲ್ಲ. ಇಸ್ರೇಲಿನ ಗಾಬ್ರಿಲೋವಿಚ್ ಮತ್ತು ಗಾಂಟ್‌ಮಾಕರ್ ಎಂಬಿಬ್ಬರು ಮೈಕ್ರೋಸಾಫ್ಟ್ ಹೆಸರಿನಲ್ಲಿ ಕೆಲವು ರಷ್ಯನ್ ಅಕ್ಷರ ಸೇರಿಸಿ ನೋಂದಾಯಿಸಿ ತೋರಿಸಿ, ೨೦೦೨ರಲ್ಲಿಯೇ ಲೇಖನ ಬರೆದು ಎಚ್ಚರಿಸಿದ್ದರು. ೨೦೧೭ರಲ್ಲಿ ಷುಡಾಂಗ್ ಝೆಂಗ್ ಎಂಬ ತಂತ್ರಜ್ಞ ಆ್ಯಪಲ್ ಕಂಪನಿಯ ಹೆಸರನ್ನು ಪೂರ್ತಿ ಬೇರೆ ಲಿಪಿಯ ಅಕ್ಷರಗಳಲ್ಲೇ ಜೋಡಿಸಿ ತೋರಿಸಿದ. ಎರಡು ಲಿಪಿಗಳು ಬೆರೆತಿದ್ದರೆ ಅನುಮಾನಿಸಬೇಕೆಂದು ಕಲಿತಿದ್ದ ತಂತ್ರಾಂಶಗಳಿಗೆ, ಒಂದೇ ಲಿಪಿಯಲ್ಲಿದ್ದ ಅದು ಅನುಮಾನಾಸ್ಪದವಾಗಿ ಕಾಣಲಿಲ್ಲ.

ಈ ಕಳ್ಳ-ಪೊಲೀಸರ ಆಟ ಇನ್ನೂ ಹಳೆಯದು. ಮಿಂಚಂಚೆ ಬಳಕೆಗೆ ಬಂದ ಹೊಸದರಲ್ಲಿ, ಲಾಟರಿ ಬಂತು, ಸಾಲ ಕೊಡುತ್ತೇವೆ ಎಂಬ ಬೇಡದ ಪತ್ರಗಳನ್ನು ತಡೆಯಲು ಪದಗಳ ಪಟ್ಟಿ ಮಾಡಿದರು. ಕಳಿಸುವವರು ‘ಓ’ ಬದಲು ಸೊನ್ನೆ, ‘ಎಲ್’ ಬದಲು ಒಂದು ಬರೆದು ಪಟ್ಟಿಯಿಂದ ಜಾರಿಕೊಂಡರು. ಪಾಲ್ ಗ್ರಹಾಂ ಎಂಬುವರು ೨೦೦೨ರಲ್ಲಿ, ಪಟ್ಟಿಯನ್ನು ನಾವು ಮಾಡುವುದು ಬೇಡ, ಒಳ್ಳೆಯ ಮತ್ತು ಕೆಟ್ಟ ಪತ್ರಗಳನ್ನು ಕೊಟ್ಟರೆ ಯಾವ ಪದ ಎಲ್ಲಿ ಎಷ್ಟು ಸಲ ಬರುತ್ತದೆಂದು ಲೆಕ್ಕ ಹಾಕಿ ಯಂತ್ರವೇ ತೀರ್ಮಾನಿಸಲಿ ಎಂಬ ವಿಧಾನವನ್ನು ಪ್ರಚಾರಕ್ಕೆ ತಂದರು. ಸೊನ್ನೆ ಸೇರಿಸಿದ ಪದ ಒಳ್ಳೆಯ ಪತ್ರದಲ್ಲಿ ಬರುವುದೇ ಇಲ್ಲವಾದ್ದರಿಂದ, ವೇಷವೇ ವಂಚಕನನ್ನು ಹಿಡಿದುಕೊಟ್ಟಿತು. ಆಗ ಅವರು, ೨೦೦೬ರ ಸುಮಾರಿಗೆ, ಬರೆಹವನ್ನೇ ಬಿಟ್ಟು ಚಿತ್ರ ಕಳಿಸತೊಡಗಿದರು. ನಮಗೆ ಅದರಲ್ಲಿ ಮಾತು ಕಾಣುತ್ತದೆ. ಯಂತ್ರಕ್ಕೆ ಬರಿಯ ಬಣ್ಣದ ಚುಕ್ಕೆ.

ವಿನೋದವೆಂದರೆ, ಒಳ್ಳೆಯವರೂ ಇದೇ ಯುಕ್ತಿ ಹೂಡಿದ್ದರು. ಅರ್ಜಿ ತುಂಬುವಾಗ ಸೊಟ್ಟ ಸೊಟ್ಟ ಅಕ್ಷರಗಳನ್ನು ತೋರಿಸಿ ‘ನೀನು ಮನುಷ್ಯನೆಂದು ರುಜುವಾತುಮಾಡು’ ಎಂದು ಕೇಳುವ ಕ್ಯಾಪ್ಚಾ ಪರೀಕ್ಷೆ ನಿಮಗೆಲ್ಲ ನೆನಪಿರಬೇಕು. ೨೦೦೭ರಲ್ಲಿ ಬಂದ ಅದರ ಒಂದು ರೂಪದಲ್ಲಿ, ಯಂತ್ರಕ್ಕೆ ಓದಲಾಗದ ಹಳೆಯ ಪುಸ್ತಕ, ಪತ್ರಿಕೆಗಳ ಪದಗಳನ್ನು ನಮ್ಮಿಂದ ಓದಿಸಿಕೊಂಡು ಅವನ್ನು ಗಣಕಕ್ಕೇರಿಸಿದರು. ನಾವು ಸಂಬಳವಿಲ್ಲದ ಗುಮಾಸ್ತರಾದೆವು! ಆದರೆ ೨೦೧೪ರ ಹೊತ್ತಿಗೆ ಗೂಗಲ್ ಸಂಶೋಧಕರ ಯಂತ್ರವೊಂದು ಅದರ ಅತಿ ಕಷ್ಟದ ಮಾದರಿಗಳನ್ನೂ ನೂರಕ್ಕೆ ೯೯.೮ರಷ್ಟು ಸರಿಯಾಗಿ ಓದಿತು. ಸೊಟ್ಟ ಅಕ್ಷರ ಮನುಷ್ಯನ ಗುರುತಾಗಿ ಉಳಿಯಲಿಲ್ಲ.

ಕಣ್ಣಿಲ್ಲದ ಯಂತ್ರ ಓದಲು ಕಲಿತದ್ದು ಹೇಗೆ? ಮಗಳು ನನಗೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊದಲು ಬರೆಹವನ್ನು ಚಿತ್ರವಾಗಿ ಮೂಡಿಸುತ್ತಾರೆ. ಆ ಚಿತ್ರದ ಮೇಲೆ ಒಂದು ಸಣ್ಣ ಚೌಕದ ಕಿಟಕಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರುತ್ತ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಅದು ಗೆರೆ, ಅಂಚುಗಳನ್ನು ಗಮನಿಸುತ್ತದೆ. ಮುಂದಿನ ಸುತ್ತಿನಲ್ಲಿ ಗೆರೆಗಳು ಕೂಡಿದ ಬಾಗು, ಕೊಂಬು. ಆಮೇಲೆ ಇಡೀ ಅಕ್ಷರ. ಏನನ್ನು ಗಮನಿಸಬೇಕೆಂದು ಯಾರೂ ಬರೆದುಕೊಡುವುದಿಲ್ಲ. ಸಾವಿರಾರು ಉದಾಹರಣೆ ತೋರಿಸಿ, ತಪ್ಪಿದಾಗಲೆಲ್ಲ ಒಳಗಿನ ತೂಕಗಳನ್ನು ಸ್ವಲ್ಪ ಸ್ವಲ್ಪ ತಿದ್ದುತ್ತ ಹೋಗುವುದು. ನಮ್ಮ ಮಕ್ಕಳು ಮರಳಿನ ಮೇಲೆ ತಿದ್ದಿ ಕಲಿತಂತೆ.

ವೇಷ ಹಿಡಿಯಲು ಬಳಸುವುದು ಇದರ ಒಂದು ವಿಶೇಷ ಬಗೆ. ಅಚ್ಚು ಒಂದೇ ಆದ ಎರಡು ಜಾಲಗಳು. ಅದಕ್ಕಾಗಿ ಸಯಾಮಿ ಅವಳಿಗಳ ಹೆಸರು ಇಟ್ಟಿದ್ದಾರೆ. ಎರಡು ಚಿತ್ರಗಳನ್ನು ಒಂದೊಂದಕ್ಕೆ ಕೊಟ್ಟರೆ, ಅವು ನೋಟದಲ್ಲಿ ಎಷ್ಟು ದೂರ, ಎಷ್ಟು ಹತ್ತಿರ ಎಂದು ಅಳತೆ ಹೇಳುತ್ತವೆ. ಇದು ಮೊದಲು ೧೯೯೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಯಾವುದಕ್ಕೆ ಬಲ್ಲಿರಾ? ಸಹಿ ತಾಳೆ ನೋಡುವುದಕ್ಕೆ! ಯಂತ್ರದ ಹಲಗೆಯ ಮೇಲೆ ಹಾಕಿದ ಸಹಿ ನಿಜವೋ ಕೃತಕವೋ ಎಂದು ಹೇಳಲು. ಇದನ್ನು ಕೇಳಿದಾಗ ನನಗೆ ಹಳೆಯ ಸಹೋದ್ಯೋಗಿಯೊಬ್ಬ ಪರದೇಶದಲ್ಲಿ ಸಿಕ್ಕಷ್ಟು ಸಂತೋಷವಾಯಿತು. ೨೦೧೮ರಲ್ಲಿ ಜೊನಾಥನ್ ವುಡ್‌ಬ್ರಿಜ್ ಮತ್ತು ಸಂಗಡಿಗರು ಇದೇ ಅವಳಿಯನ್ನು ವೇಷದ ಹೆಸರು ಹಿಡಿಯಲು ಬಳಸಿದರು. ಬಂದ ವಿಳಾಸದ ಚಿತ್ರವನ್ನು ಹೆಸರಾದ ವಿಳಾಸಗಳ ಚಿತ್ರಗಳೊಡನೆ ಹೋಲಿಸುವುದು. ನೋಟದಲ್ಲಿ ತೀರ ಹತ್ತಿರ, ಸಂಖ್ಯೆಯಲ್ಲಿ ಮಾತ್ರ ಬೇರೆ ಎಂದಾದರೆ ಅದು ವೇಷ. ದಮಯಂತಿಯ ಲೆಕ್ಕವೂ ಇದೇ ಅಲ್ಲವೇ? ರೂಪ ಒಂದೇ, ಬೆವರು ಬೇರೆ.

“ಹೋಲುವ ಅಕ್ಷರಗಳ ಪಟ್ಟಿಯೊಂದು ಮಾಡಿದರೆ ಸಾಲದೆ?” ಎಂದು ಕೇಳಿದೆ. ಪಟ್ಟಿ ಇದೆಯಂತೆ; ಯೂನಿಕೋಡಿನವರೇ ಪ್ರಕಟಿಸಿದ್ದಾರೆ. ಅದರಲ್ಲಿ ಕನ್ನಡ-ತೆಲುಗಿನ ಅ, ಆ, ಇ, ಜ, ಲ ಜೋಡಿಗಳೂ ಇವೆ. ನಮ್ಮ ಅನುಸ್ವಾರದ ಸೊನ್ನೆ ಇಂಗ್ಲಿಷಿನ ‘ಓ’ಗೆ ಹೋಲುತ್ತದೆಂದೂ ಇದೆ. ಆದರೆ ಚಿಕ್ಕ ‘ಆರ್’ ಪಕ್ಕದಲ್ಲಿ ಚಿಕ್ಕ ‘ಎನ್’ ಒತ್ತಿ ನಿಂತರೆ ‘ಎಮ್’ನಂತೆ ಕಾಣುವುದು ಅಚ್ಚಿನ ಮೊಳೆಯ ಮೇಲೆ ಹೋಗುತ್ತದೆ. ಇಂಥವನ್ನೆಲ್ಲ ಪಟ್ಟಿ ಮಾಡಿ ಮುಗಿಸುವುದು ಕಷ್ಟ. ನೋಡಬಲ್ಲ ಕಣ್ಣೇ ಬೇಕು. ಪಟ್ಟಿಯಿಂದ ಆದ ಉಪಕಾರವೂ ಉಂಟು. ಜಾಲವಿಳಾಸಗಳ ತುದಿಯ ಹೆಸರನ್ನು ಭಾರತದ ಲಿಪಿಗಳಲ್ಲಿ ಕೊಡುವುದಕ್ಕೆ ನವ-ಬ್ರಾಹ್ಮೀ ತಜ್ಞರ ಮಂಡಳಿ ನಿಯಮ ರಚಿಸಿದಾಗ, ಕನ್ನಡ-ತೆಲುಗುಗಳಲ್ಲಿ ಒಂದೇ ತರಹ ಕಾಣುವ ಅಕ್ಷರಗಳನ್ನು ಜೋಡಿಯೆಂದು ಪರಿಗಣಿಸಿತು. ಒಂದು ಲಿಪಿಯಲ್ಲಿ ಹೆಸರು ಕೊಟ್ಟರೆ, ಅದರ ಪಡಿಯಚ್ಚನ್ನು ಇನ್ನೊಂದು ಲಿಪಿಯಲ್ಲಿ ಬೇರೆಯವರಿಗೆ ಕೊಡಬಾರದೆಂಬುದು ಅದರ ಉದ್ದೇಶ. ಅಕ್ಕತಂಗಿಯರ ನಡುವೆ ಆದ ಒಳ್ಳೆಯ ಒಪ್ಪಂದ.

ಇಷ್ಟು ಕೇಳಿ ಯಂತ್ರಕ್ಕೆ ಜೈ ಎನ್ನಬೇಕೆನ್ನುವಷ್ಟರಲ್ಲಿ ಮಗಳು ಇನ್ನೊಂದು ಮಾತು ಹೇಳಿದಳು. ಅದು ನಮ್ಮಂಥ ಹೊರನಾಡ ಕನ್ನಡಿಗರು ಕೇಳಬೇಕಾದದ್ದು. ವಂಚಕರು ಪದದ ನಡುವೆ ಕಣ್ಣಿಗೆ ಕಾಣದ ಚಿಹ್ನೆಗಳನ್ನೂ ತುರುಕುತ್ತಾರೆ. ಅಂಥ ಚಿಹ್ನೆಗಳನ್ನೆಲ್ಲ ಕಿತ್ತುಹಾಕಿಬಿಡಿ ಎಂದು ಕನ್ನಡ ಅರಿಯದ ತಂತ್ರಜ್ಞ ನಿಯಮ ಮಾಡಿದನೆನ್ನಿ. ‘ಪಾಸ್‌ಬುಕ್ಕು’ ಎಂದು ನಾನು ಬರೆದಾಗ ‘ಸ್’ ಕೆಳಗೆ ‘ಬ’ ಒತ್ತಾಗಿ ಬೀಳದಂತೆ ತಡೆದು ನಿಲ್ಲಿಸಿರುವುದು ಅಂಥದೇ ಒಂದು ಕಾಣದ ಚಿಹ್ನೆ, ಸಂಖ್ಯೆ ೮೨೦೪. ನಮಗೆ ಅದು ವೇಷವಲ್ಲ, ವ್ಯಾಕರಣ. ಕನ್ನಡ ಕಾಣದ ಯಂತ್ರದ ಕಣ್ಣಿಗೆ ನಮ್ಮ ಸಾಚಾ ಪತ್ರವೂ ಅನುಮಾನದ ಪತ್ರ. ಬೈಗಳನ್ನು ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಮರೆಸಿ ಬರೆಯುವವರನ್ನು ಹಿಡಿಯುವುದೂ, ಅದೇ ಲಿಪಿಯಲ್ಲಿ ಅಜ್ಜಿಗೆ ‘ಊಟ ಆಯ್ತಾ’ ಎಂದು ಬರೆಯುವ ಮೊಮ್ಮಗನನ್ನು ಬಿಡುವುದೂ ಕನ್ನಡ ಬಲ್ಲ ಯಂತ್ರಕ್ಕೆ ಮಾತ್ರ ಸಾಧ್ಯ.

ಅದಕ್ಕೆ ಕಲಿಸುವವರು ಯಾರು? ೨೦೧೯ರಲ್ಲಿ ವಿನಯ್ ಉದಯ್ ಪ್ರಭು ಎಂಬುವರು ಬೆಂಗಳೂರಿನ ೬೫ ಮಂದಿಯಿಂದ ಕನ್ನಡ ಅಂಕಿಗಳನ್ನು ಕೈಯಲ್ಲಿ ಬರೆಸಿ, ಕಲಿಕೆಗೆ ೬೦,೦೦೦, ಪರೀಕ್ಷೆಗೆ ೧೦,೦೦೦ ಚಿತ್ರಗಳನ್ನು ಸಿದ್ಧಮಾಡಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಸುಂಕವಿಲ್ಲದೆ ಯಾರು ಬೇಕಾದರೂ ಅದರಿಂದ ಯಂತ್ರಕ್ಕೆ ೩ಕ್ಕೂ ೭ಕ್ಕೂ ಇರುವ ಭೇದ ಕಲಿಸಬಹುದು. ಅರವತ್ತೈದು ಮಂದಿ! ನಮ್ಮ ಸಂಘದ ಯುಗಾದಿ ಊಟದ ಮೊದಲ ಪಂಕ್ತಿಯಲ್ಲೇ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಕನ್ನಡವನ್ನು ಕನ್ನಡದಲ್ಲಿ ಬರೆಯುವ ನಮ್ಮ ಹಳೆಯ ಚಾಳಿಯೂ ಹೀಗೆ ಪ್ರಯೋಜನಕ್ಕೆ ಬರುವುದಾದರೆ, ಮಕ್ಕಳಿಗೆ ಎರಡು ಸಾಲು ಬರೆಸುವುದಕ್ಕೆ ಮತ್ತೊಂದು ಕಾರಣ ಸಿಕ್ಕಿತೆಂದೇ ನನ್ನ ಎಣಿಕೆ.

ಕೊನೆಗೆ ಗೃಹಕೃತ್ಯದ ಮಾತು. ಯಂತ್ರ ಎಷ್ಟು ಜಾಣವಾದರೂ ಎಲ್ಲ ಸಂದೇಶಗಳನ್ನೂ ತಡೆಯಲಾರದು. ನಮ್ಮ ಸಂಘದ ಸದಸ್ಯರೊಬ್ಬರು ಇಂಥದೇ ಸಂದೇಶದಿಂದ ಹಣ ಕಳೆದುಕೊಂಡು, ಆರು ತಿಂಗಳು ಮಗನಿಗೂ ಹೇಳದೆ ನುಂಗಿಕೊಂಡಿದ್ದರು. ನಾಚಿಕೆಪಡಬೇಕಾದವರು ಅವರಲ್ಲ. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಕಾಣಲಿಲ್ಲವೆಂದು ಯಾರನ್ನಾದರೂ ಹಳಿಯುವುದುಂಟೆ? ಹಣ ಹೋಯಿತೆಂದು ತಿಳಿದ ಕೂಡಲೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ. ರಿಸರ್ವ್ ಬ್ಯಾಂಕು ೨೦೨೫ರಲ್ಲಿ ನಮ್ಮ ದೇಶದ ಬ್ಯಾಂಕುಗಳಿಗೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸವನ್ನು ಗೊತ್ತುಮಾಡಿದೆ. ಅದನ್ನು ಹಂಚುವ ಹೊಣೆ ನಮ್ಮ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯದು. ಬ್ಯಾಂಕಲ್ಲದವರಿಗೆ ಅದು ಸಿಗದು. ಆದರೂ ಬಂದ ಸಂದೇಶದ ವಿಳಾಸವನ್ನು ಒತ್ತದೆ, ಆ ಹೆಸರನ್ನು ಕೈಯಾರೆ ಟೈಪು ಮಾಡಿ ಹೋಗುವುದೇ ಕ್ಷೇಮ. ನಮ್ಮ ಕೀಲಿಮಣೆಯಿಂದ ರಷ್ಯನ್ ‘ಎ’ ತಾನಾಗಿ ಬರುವುದಿಲ್ಲವಷ್ಟೆ.

ಟೀಚರಮ್ಮನವರು ಈಗ ಬಿಲ್ಡಿಂಗಿನ ಹಿರಿಯರಿಗೆಲ್ಲ ಸಲಹೆಗಾರರು. ಸಂದೇಶ ಬಂದರೆ ಮೊದಲು ಅವರಿಗೆ ಓದಿಸುತ್ತಾರೆ. ಅವರು ಅಕ್ಷರ ನೋಡುವುದನ್ನು ಬಿಟ್ಟಿದ್ದಾರೆ. ವಾಕ್ಯವನ್ನು ನೋಡುತ್ತಾರೆ, ಆತುರವನ್ನು ನೋಡುತ್ತಾರೆ. ‘ಇವತ್ತೇ, ಈಗಲೇ’ ಎಂದಿದ್ದರೆ ಅಳಿಸಿಹಾಕಿ ಎಂದುಬಿಡುತ್ತಾರೆ. ನನ್ನ ಮೊಮ್ಮಗನಿಗೆ ವಾರಕ್ಕೆರಡು ದಿನ ಸಂಜೆ ಕನ್ನಡ ಪಾಠವನ್ನೂ ಹೇಳುತ್ತಿದ್ದಾರೆ. ಅವನು ಇನ್ನೂ ಕೆಲವು ಅಕ್ಷರಗಳಿಗೆ ತೆಲುಗಿನ ತಲೆಕಟ್ಟನ್ನೇ ಹಾಕುತ್ತಾನೆ. “ಪರವಾಗಿಲ್ಲ ರಾಯರೆ, ಇದು ವೇಷ ಅಲ್ಲ, ಅಕ್ಕನ ಲಂಗ ಹಾಕ್ಕೊಂಡು ಬಂದಿದೆ ಅಷ್ಟೆ” ಎನ್ನುತ್ತಾರೆ ಅವರು, ಕೆಂಪು ಶಾಯಿಯಲ್ಲಿ ತಿದ್ದುತ್ತ.